ತೇರದಾಳದ ಕಲ್ಲು ಮತ್ತು ಪಾರಿಜಾತದ ಆಟ

ತೇರದಾಳದ ನೇಮಿನಾಥ ಬಸದಿಯ ಶಿಲಾಶಾಸನವನ್ನು ಮೊದಲ ಸಲ ಓದುವವನಿಗೆ ಗೋಚರಿಸುವುದು ಗೊಂಕನೆಂಬ ಮಾಂಡಲಿಕನ ಭಕ್ತಿ. ಎರಡನೆಯ ಸಲ ಓದುವವನಿಗೆ ಗೋಚರಿಸುವುದು, ಆ ಒಂದೇ ಕಲ್ಲಿನ ಮೇಲೆ ಕೈಯಾಡಿಸಿದವರು ಒಬ್ಬರಲ್ಲ, ಒಂದೇ ತಲೆಮಾರಿನವರೂ ಅಲ್ಲ ಎಂಬ ಸಂಗತಿ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನು ಆಳುತ್ತಿದ್ದ ಕಾಲವದು. ಕೂಂಡಿ ಮೂರುಸಾಸಿರ ನಾಡಿಗೆ ರಟ್ಟವಂಶದ ಇಮ್ಮಡಿ ಕಾರ್ತವೀರ್ಯನು ಒಡೆಯನಾಗಿದ್ದನು. ಆ ನಾಡಿನೊಳಗೆ, ಕೃಷ್ಣೆಯ ದಕ್ಷಿಣದ ಕಪ್ಪುನೆಲದಲ್ಲಿ, ಹನ್ನೆರಡು ಹಳ್ಳಿಗಳಿಗೆ ಮೊದಲೂರಾದ ತೇರದಾಳವು ಗೊಂಕನ ಕೈಯಲ್ಲಿದ್ದಿತು. ಅವನು 1123ರ ಸುಮಾರಿನಲ್ಲಿ ಅಲ್ಲಿ ನೇಮಿನಾಥನ ಬಸದಿಯನ್ನು ಕಟ್ಟಿಸಿ, ಕೊಲ್ಲಾಪುರದ ರೂಪನಾರಾಯಣ ಬಸದಿಯ ಮಾಘನಂದಿ ಸೈದ್ಧಾಂತಿಕರಂಥ ಆಚಾರ್ಯರನ್ನು ಗೌರವಿಸಿ, ಭೂಮಿಯನ್ನು ಬಿಟ್ಟುಕೊಟ್ಟು, ಗೊಂಕಜಿನಾಲಯವೆಂಬ ಹೆಸರನ್ನು ಉಳಿಸಿದನು. ಹಾವು ಕಚ್ಚಿದ ಗೊಂಕನು ಪಂಚಪರಮೇಷ್ಠಿಗಳ ನಾಮಸ್ಮರಣೆಯಿಂದ ಬದುಕಿಕೊಂಡನೆಂಬ ಕಥೆಯನ್ನೂ ಶಾಸನ ಹೇಳುತ್ತದೆ. ನಂಬುವುದೂ ಬಿಡುವುದೂ ಓದುಗನ ಇಚ್ಛೆ. 1885ರಲ್ಲಿ ಕೆ. ಬಿ. ಪಾಠಕರು ಈ ಶಾಸನವನ್ನು ‘ಇಂಡಿಯನ್ ಆ್ಯಂಟಿಕ್ವರಿ’ಯ 14ನೆಯ ಸಂಪುಟದಲ್ಲಿ ಪ್ರಕಟಿಸಿದಂದಿನಿಂದ ಇತಿಹಾಸಜ್ಞರು ಅದನ್ನು ರಟ್ಟರ ವಂಶಾವಳಿಗೂ ಜೈನಧರ್ಮದ ಚರಿತ್ರೆಗೂ ಆಧಾರವಾಗಿ ಬಳಸುತ್ತ ಬಂದಿದ್ದಾರೆ. ನನಗೆ ಇಲ್ಲಿ ಬೇಕಾದುದು ಬೇರೊಂದು.

ಶಾಸನವು ಗೊಂಕನೊಂದಿಗೆ ಮುಗಿಯುವುದಿಲ್ಲ. ಅವನ ಕಾಲ ಕಳೆದು ಅರುವತ್ತು ವರ್ಷಗಳಿಗೂ ಮೀರಿದ ಬಳಿಕ, 1187ರ ಸುಮಾರಿಗೆ, ಅದೇ ದೇವಾಲಯಕ್ಕೆ ಬೇರೊಂದು ದತ್ತಿ ಬಂದಿತು. ಅಯ್ಯಾವೊಳೆ ಐನೂರ್ವರೆಂದು ಪ್ರಖ್ಯಾತರಾದ ವೀರಬಣಂಜು ವರ್ತಕರು ತಮ್ಮ ವ್ಯಾಪಾರದ ಆಯದಲ್ಲಿ ಪಾಲು ಕೊಟ್ಟದ್ದೂ ಆ ಕಲ್ಲಿನಲ್ಲಿಯೇ ಸೇರಿತು. ಹೊಸಬರು ಹಳಬನ ಅಕ್ಷರಗಳನ್ನು ಕೆತ್ತಿ ತೆಗೆಯಲಿಲ್ಲ. ಗೊಂಕನ ಪ್ರಶಸ್ತಿಯೊಳಗೆ ತಮ್ಮ ಹೆಸರನ್ನು ತುರುಕಲೂ ಇಲ್ಲ. ಅವನ ಮಾತು ಮುಗಿದಲ್ಲಿ ತಮ್ಮ ಮಾತನ್ನು ತೊಡಗಿ, ಇದು ಇಂಥ ಕಾಲ, ಕೊಟ್ಟವರು ನಾವು, ಕೊಟ್ಟದ್ದು ಇಷ್ಟು ಎಂದು ಬೇರೆಯಾಗಿ ಬರೆಸಿದರು. ಆದಕಾರಣ ಎಂಟು ಶತಮಾನಗಳ ಅನಂತರವೂ ಯಾವುದು ಮೂಲ, ಯಾವುದು ಸೇರ್ಪಡೆ, ಯಾರ ಹೊಣೆ ಎಲ್ಲಿಗೆ ಮುಗಿದು ಯಾರದು ಎಲ್ಲಿಂದ ಆರಂಭವಾಯಿತೆಂಬುದನ್ನು ನಾವು ಬೆರಳಿಟ್ಟು ತೋರಿಸಬಹುದಾಗಿದೆ. ಎಲ್ಲ ಕಡೆಯೂ ಹೀಗೆಯೇ ನಡೆಯಿತೆಂದು ಹೇಳುವಂತಿಲ್ಲ. ಹಿಂದಿನವರ ಹೆಸರನ್ನು ಉಳಿಯಿಂದ ಒರೆಸಿದ ಕಲ್ಲುಗಳೂ ಕನ್ನಡನಾಡಿನಲ್ಲಿ ಇಲ್ಲದಿಲ್ಲ. ದಾನಶಾಸನಗಳ ಕೊನೆಯಲ್ಲಿ ಬರುವ ಶಾಪಶ್ಲೋಕಗಳು ಅಷ್ಟು ಭಯಂಕರವಾಗಿರುವುದೇ ಅವುಗಳ ಅಗತ್ಯವಿದ್ದಿತೆಂಬುದಕ್ಕೆ ಸಾಕ್ಷಿ. ಆದರೆ ಆ ಶಾಪಗಳ ಪಕ್ಕದಲ್ಲಿಯೇ ಸ್ಮೃತಿಕಾರರ ಇನ್ನೊಂದು ಮಾತನ್ನು ನಮ್ಮ ಶಾಸನಕವಿಗಳು ಬಿಡದೆ ಬರೆಸುತ್ತಿದ್ದರು: ತಾನು ಕೊಡುವುದಕ್ಕಿಂತ ಮತ್ತೊಬ್ಬನು ಕೊಟ್ಟದ್ದನ್ನು ಕಾಪಾಡುವುದು ಹಿರಿದು ಎಂಬುದು ಅದರ ತಾತ್ಪರ್ಯ. ಹೊಸದನ್ನು ಮಾಡಿದವನಿಗಿಂತ, ಇದ್ದುದನ್ನು ಕೆಡಿಸದೆ ಮುಂದುವರಿಸಿದವನಿಗೆ ಹೆಚ್ಚಿನ ಪುಣ್ಯವನ್ನು ಬರೆದಿಟ್ಟ ಈ ಲೆಕ್ಕಾಚಾರವನ್ನು ನಾವು ಧರ್ಮದ ವಿಷಯವೆಂದು ಬದಿಗಿಟ್ಟುಬಿಟ್ಟಿದ್ದೇವೆ. ಅದು ಕಲೆಯ ವಿಷಯವೂ ಹೌದು.

ಈ ವಿಚಾರವನ್ನು ಈಗ ಎತ್ತಿಕೊಳ್ಳುವುದಕ್ಕೆ ಕಾರಣವುಂಟು. ನಮ್ಮ ಕಾಲದ ತರುಣರು ವಿಡಿಯೊ ಗೇಮುಗಳಲ್ಲಿ ‘ಮಾಡ್’ ಎಂದು ಕರೆಯುವ ಕೆಲಸವೊಂದನ್ನು ಮಾಡುತ್ತಿದ್ದಾರೆ. ಯಾರೋ ರಚಿಸಿದ ಆಟವನ್ನು ತೆಗೆದುಕೊಂಡು, ಅದರ ವೇಷ, ವಾಹನ, ಊರು, ನಿಯಮ, ಕೆಲವು ವೇಳೆ ಕಥೆಯನ್ನೇ ತಿದ್ದಿ, ತಿದ್ದಿದ್ದನ್ನು ಬಹುತೇಕ ಬೆಲೆಯಿಲ್ಲದೆ ಇತರ ಆಟಗಾರರಿಗೆ ಹಂಚುವುದೇ ಆ ಕೆಲಸ. 1993ರಲ್ಲಿ ಹೊರಬಂದ ‘ಡೂಮ್’ ಎಂಬ ಅಮೆರಿಕದ ಆಟದ ಕರ್ತೃಗಳು ಆಟದ ಚಿತ್ರ ಮತ್ತು ನಕಾಶೆಗಳನ್ನು ಅದರ ಯಂತ್ರಭಾಗದಿಂದ ಬೇರ್ಪಡಿಸಿ ಇಟ್ಟುದರಿಂದ ಪರರು ಅವುಗಳನ್ನು ಬದಲಿಸುವುದು ಸುಲಭವಾಯಿತು. 1999ರಲ್ಲಿ ಮಿನ್ ಲೀ ಮತ್ತು ಜೆಸ್ ಕ್ಲಿಫ್ ಎಂಬಿಬ್ಬರು ‘ಹಾಫ್-ಲೈಫ್’ ಆಟದ ಮೇಲೆ ‘ಕೌಂಟರ್-ಸ್ಟ್ರೈಕ್’ ಎಂಬುದನ್ನು ಕಟ್ಟಿದರು. ಮರುವರ್ಷವೇ ಮೂಲದ ಸಂಸ್ಥೆ ಅದನ್ನು ತನ್ನದಾಗಿ ಕೊಂಡು ಮಾರಾಟಕ್ಕಿಟ್ಟಿತು. ಇಂಡೋನೇಷ್ಯದ ಸಂಸ್ಥೆಯೊಂದು 2017ರಲ್ಲಿ ಹೊರತಂದ ಬಸ್ಸು ಓಡಿಸುವ ಆಟವೊಂದರಲ್ಲಿ ನಮ್ಮ ಹುಡುಗರು ಜಾವಾದ ಬಸ್ಸುಗಳಿಗೆ ಕರ್ನಾಟಕದ ಸಾರಿಗೆ ಬಸ್ಸುಗಳ ಬಣ್ಣ ಬಳಿದು, ಹಣೆಯ ಬೋರ್ಡಿಗೆ ಕನ್ನಡದ ಊರುಗಳ ಹೆಸರನ್ನು ಕೂಡಿಸಿ ಸಂತೋಷಪಡುತ್ತಾರೆ. ಸಂತೋಷವು ಸಹಜವೇ. ಆದರೆ ಇದರೊಂದಿಗೆ ಜಗಳಗಳೂ ಬಂದಿವೆ: ಒಬ್ಬನ ದುಡಿಮೆಯನ್ನು ಮತ್ತೊಬ್ಬನು ಹೆಸರು ತೆಗೆದು ಹಂಚಿದನು, ಅರೆಬೆಂದ ಮಾಡಿನಿಂದ ಆಟವೇ ನಿಂತುಹೋಯಿತು, ದೋಷ ಹೇಳಿದವನನ್ನು ಎಲ್ಲರೂ ಸೇರಿ ಹೀಯಾಳಿಸಿದರು, ಬಿಟ್ಟಿ ಬಂದದ್ದಕ್ಕೆ ದೋಷ ಹುಡುಕುವ ಅಧಿಕಾರ ನಿನಗೆಲ್ಲಿಯದೆಂದು ಕೇಳಿದರು. ಇವೆಲ್ಲ ಯಂತ್ರಯುಗದ ಹೊಸ ಸಮಸ್ಯೆಗಳೆಂದು ಭಾವಿಸುವವರು ಜಮಖಂಡಿ-ಮುಧೋಳದ ಸೀಮೆಯ ಚರಿತ್ರೆಯನ್ನು ಒಮ್ಮೆ ನೋಡಬೇಕು. ಪರರ ಕೃತಿಯನ್ನು ತಿದ್ದಿ ಬೆಳೆಸುವುದೂ, ತಿದ್ದಿದವನನ್ನು ನಾಲ್ಕು ಜನರ ನಡುವೆ ನಿಲ್ಲಿಸಿ ಪರೀಕ್ಷಿಸುವುದೂ ಈ ಸೀಮೆಯ ಹಳೆಯ ಕಸುಬು.

ಮುಧೋಳವೆಂದಕೂಡಲೆ ಈಗಿನವರಿಗೆ ಬೇಟೆನಾಯಿಯ ನೆನಪಾಗುತ್ತದೆ. ಸಾಹಿತ್ಯಪ್ರಿಯರಿಗೆ ರನ್ನನ ನೆನಪಾಗಬೇಕು. ಜಂಬುಖಂಡಿ ಎಪ್ಪತ್ತರೊಳಗಿನ ಮುದುವೊಳಲಿನಲ್ಲಿ 949ರಲ್ಲಿ ಬಳೆಗಾರರ ಕುಲದಲ್ಲಿ ಹುಟ್ಟಿದ ಈ ಕವಿಯು ತೈಲಪ ಚಕ್ರವರ್ತಿಯಿಂದ ಕವಿಚಕ್ರವರ್ತಿಯೆನಿಸಿಕೊಳ್ಳುವ ವೇಳೆಗೆ ಕನ್ನಡದಲ್ಲಿ ಭಾರತಕಥೆಯು ಪಂಪನ ಕೈಯಲ್ಲಿ ಸಿದ್ಧವಾಗಿ ಎರಡು ತಲೆಮಾರು ಸಂದಿದ್ದಿತು. 941ರ ಆ ಕಾವ್ಯದಲ್ಲಿ ಪಂಪನು ತನ್ನ ಒಡೆಯ ಅರಿಕೇಸರಿಯನ್ನು ಅರ್ಜುನನೊಡನೆ ಏಕೀಭವಿಸಿ ಕಥೆಯನ್ನೇ ಅವನ ಸುತ್ತ ತಿರುಗಿಸಿದ್ದನು. ರನ್ನನು ಆ ಮಹಾಕಾವ್ಯದ ಕೊನೆಯ ಭಾಗವಾದ ಗದಾಯುದ್ಧದ ಪ್ರಸಂಗವನ್ನೆತ್ತಿಕೊಂಡು, ತನ್ನ ಒಡೆಯ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿ, ನಡೆದುಹೋದ ಯುದ್ಧವನ್ನೆಲ್ಲ ಸಿಂಹಾವಲೋಕನ ಕ್ರಮದಿಂದ ಹಿಂದಿರುಗಿ ನೋಡಿ, ಸಂಸ್ಕೃತ ನಾಟಕಗಳ ಸಾರವನ್ನೂ ಹೀರಿಕೊಂಡು ಹತ್ತು ಆಶ್ವಾಸಗಳ ಹೊಸ ಕೃತಿಯನ್ನು ನಿರ್ಮಿಸಿದನು. ಪಂಪನ ಮಾತುಗಳ ಛಾಯೆ ಅದರಲ್ಲಿ ಎದ್ದು ಕಾಣುವಷ್ಟು ಉಂಟು. ಇದನ್ನು ಚೌರ್ಯವೆಂದು ಕರೆದ ವಿದ್ವಾಂಸನನ್ನು ನಾನು ಕಾಣೆ. ಏಕೆಂದರೆ ಪಂಪನನ್ನು ಓದಿದವರಿಗಾಗಿಯೇ, ಪಂಪನು ಅವರ ನಾಲಗೆಯ ಮೇಲಿದ್ದಾನೆಂಬ ತಿಳಿವಳಿಕೆಯಿಂದಲೇ, ಅವನು ಬರೆದನು. ಮುಚ್ಚಿಟ್ಟು ತೆಗೆದುಕೊಂಡದ್ದಾಗಿದ್ದರೆ ಅದಕ್ಕೆ ಬೇರೆ ಹೆಸರಿಡಬೇಕಾಗುತ್ತಿದ್ದಿತು. 993ರ ಅಜಿತಪುರಾಣದಲ್ಲಿ ಪಂಪ, ಪೊನ್ನ ಮತ್ತು ತಾನು ರತ್ನತ್ರಯವೆಂದು ಅವನು ಸಾರಿಕೊಂಡದ್ದರಲ್ಲಿ ಹೆಮ್ಮೆಯೆಷ್ಟೋ ಅಷ್ಟೇ ಋಣಸ್ವೀಕಾರವೂ ಇದೆ. ತನ್ನನ್ನು ಹೊಗಳಿಕೊಳ್ಳುವಾಗಲೂ ಹಿಂದಿನಿಬ್ಬರ ಹೆಸರನ್ನು ಮೊದಲು ಹೇಳಿದನಲ್ಲವೆ!

ವಿಮರ್ಶೆಯ ವಿಷಯದಲ್ಲಿ ಇದೇ ಕವಿ ಆಡಿದ ಮಾತು ಇನ್ನೂ ಪ್ರಸಿದ್ಧ. ನಾಗರಾಜನ ಹೆಡೆಯ ಮಣಿಯನ್ನೂ ರನ್ನನ ಕೃತಿರತ್ನವನ್ನೂ ಪರೀಕ್ಷಿಸುತ್ತೇನೆಂದು ಹೊರಡುವವನಿಗೆ ಎಂಟು ಎದೆಗಳಿವೆಯೇ ಎಂದು ಅವನು ಕೇಳಿದನು. ಬಹುಜನರು ಇದನ್ನು ಉದ್ಧತವಾದ ಗರ್ವೋಕ್ತಿಯೆಂದು ಓದುತ್ತಾರೆ. ವಿಮರ್ಶಕರ ಬಾಯಿ ಮುಚ್ಚಿಸುವ ಗದರಿಕೆಯೆಂದು ಇದನ್ನು ಉದಾಹರಿಸುವ ಲೇಖಕರೂ ಇದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಬಳೆಯ ಮಲಾರವನ್ನು ಹೊತ್ತ ಮನೆತನದಲ್ಲಿ ಬೆಳೆದವನಿಗೆ ಪರೀಕ್ಷೆಯೆಂದರೇನೆಂಬುದು ತಿಳಿದೇ ಇರಬೇಕು. ಕೊಳ್ಳುವ ಹೆಂಗಸು ಬಳೆಯನ್ನು ಬೆಳಕಿಗೆ ಹಿಡಿದು ನೋಡದೆ ಕೈಗೇರಿಸಿಕೊಳ್ಳುವುದಿಲ್ಲ. ಪರೀಕ್ಷೆ ಕೂಡದೆಂದು ಅವನು ಹೇಳಲಿಲ್ಲ. ಹಾವಿನ ಹೆಡೆಯ ಬಳಿಗೆ ಕೈ ಒಯ್ಯುವಷ್ಟು ಸಿದ್ಧತೆಯಿಂದ ಬಾ ಎಂದು ಹೇಳಿದನು. ಪರೀಕ್ಷಕನೂ ತನ್ನದೇನನ್ನಾದರೂ ಪಣಕ್ಕೊಡ್ಡಬೇಕೆಂಬುದು, ದಡದ ಮೇಲೆ ನಿಂತು ಕಲ್ಲೆಸೆಯುವ ಸೌಕರ್ಯ ಅವನಿಗೆ ಸಲ್ಲದೆಂಬುದು ಆ ಪದ್ಯದ ಅಭಿಪ್ರಾಯವಾಗಿರಬೇಕು.

ಅಜಿತಪುರಾಣವನ್ನು ಬರೆಯಿಸಿದ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಸಾವಿರ ಓಲೆಗ್ರಂಥಗಳೆಂದರೆ ಕಣ್ಣು ನೋಯಿಸಿಕೊಂಡ ಎಷ್ಟು ಲಿಪಿಕಾರರು! ಪ್ರತಿಯೊಬ್ಬ ಲಿಪಿಕಾರನೂ ಕೃತಿಯನ್ನು ಕೆಡಿಸಬಲ್ಲವನು, ತಿದ್ದಬಲ್ಲವನು. ಹಸ್ತಪ್ರತಿಗಳ ಕೊನೆಯಲ್ಲಿ ಬರೆದವನು ತನ್ನ ಹೆಸರು ಹೇಳಿ, ಅಕ್ಷರಸ್ಖಾಲಿತ್ಯಗಳಿದ್ದರೆ ಬಲ್ಲವರು ತಿದ್ದಿಕೊಂಡು ಓದಬೇಕೆಂದು ಬೇಡಿಕೊಳ್ಳುವ ಪದ್ಧತಿ ಮುಂದಿನ ಶತಮಾನಗಳಲ್ಲಿ ಎಷ್ಟು ರೂಢವಾಯಿತೆಂದರೆ, ಅದು ವಿನಯವೋ ಬರಿಯ ಶಿಷ್ಟಾಚಾರವೋ ಎಂದು ಸಂದೇಹಪಡುವಂತಾಗಿದೆ. ಶಿಷ್ಟಾಚಾರವಾದರೂ ಒಳ್ಳೆಯದೇ. ತೇರದಾಳದ ಪ್ರಭುದೇವಾಲಯದಲ್ಲಿ ಜನರು ಪೂಜಿಸುವ ಅಲ್ಲಮನ ಸಂವಾದಗಳ ಸಂಕಲನವಾದ ಶೂನ್ಯಸಂಪಾದನೆಯೇ ಒಬ್ಬನ ಕೈಯಲ್ಲಿ ಮುಗಿದುದಲ್ಲ. ಶಿವಗಣಪ್ರಸಾದಿ ಮಹಾದೇವಯ್ಯನಿಂದ ಗೂಳೂರು ಸಿದ್ಧವೀರಣಾರ್ಯನವರೆಗೆ ನಾಲ್ವರು ಅದನ್ನು ನಾಲ್ಕು ಸಲ ಸಂಪಾದಿಸಿದರು. ನಾಲ್ಕೂ ಉಳಿದಿವೆ, ನಾಲ್ಕಕ್ಕೂ ಹೆಸರಿದೆ.

ಇಷ್ಟೆಲ್ಲ ಪೀಠಿಕೆಯ ಬಳಿಕ ಪಾರಿಜಾತಕ್ಕೆ ಬರುತ್ತೇನೆ. ಈ ಲೇಖನದ ಹೃದಯ ಅಲ್ಲಿಯೇ ಇದೆ.

ಗೋಕಾಕ, ಮುಧೋಳ, ಜಮಖಂಡಿ, ಬೀಳಗಿಗಳ ಸುತ್ತಲಿನ ಹಳ್ಳಿಗಳಲ್ಲಿ ಸುಗ್ಗಿ ಮುಗಿದು ಜಾತ್ರೆಗಳು ತೊಡಗಿದೊಡನೆ ಶ್ರೀಕೃಷ್ಣ ಪಾರಿಜಾತದ ಹಾರ್ಮೋನಿಯಂ ಸ್ವರ ಕೇಳುತ್ತಿದ್ದಿತು. ಈಗಲೂ ಕೆಲವೆಡೆ ಕೇಳುತ್ತದೆ. ಕಥೆಯು ಪುರಾಣಪ್ರಸಿದ್ಧವಾದದ್ದು. ನಾರದನು ದೇವಲೋಕದಿಂದ ತಂದ ಹೂವನ್ನು ಕೃಷ್ಣನು ರುಕ್ಮಿಣಿಗೆ ಕೊಡುತ್ತಾನೆ. ಆ ಸುದ್ದಿಯನ್ನು ನಾರದನೇ ಸತ್ಯಭಾಮೆಗೆ ಮುಟ್ಟಿಸುತ್ತಾನೆ. ಅಲ್ಲಿಂದ ಮುಂದೆ ಬೆಳಗಿನ ತನಕ ಸತ್ಯಭಾಮೆಯ ಮುನಿಸೇ ಆಟ. ಈ ವಸ್ತುವನ್ನು ಕೃಷ್ಣದೇವರಾಯನ ಆಸ್ಥಾನದ ನಂದಿ ತಿಮ್ಮನನು ತೆಲುಗಿನಲ್ಲಿ ಪ್ರಬಂಧವಾಗಿ ಬರೆದು ಕೀರ್ತಿ ಪಡೆದಿದ್ದನು. ಕನ್ನಡದ ಬಯಲಿಗೆ ಅದನ್ನು ತಂದ ಮೂಲಕರ್ತೃವೆಂದು ಪರಂಪರೆ ಗೌರವಿಸುವುದು ರಾಯಚೂರು ಸೀಮೆಯ ಅಪರಾಳ ತಮ್ಮಣ್ಣನನ್ನು. ಅವನ ಕೃತಿಯನ್ನು ತೆಗೆದುಕೊಂಡು, ಹತ್ತೊಂಬತ್ತನೆಯ ಶತಮಾನದಲ್ಲಿ, ಗೋಕಾಕ ಸೀಮೆಯ ಕುಲಗೋಡದ ಇನ್ನೊಬ್ಬ ತಮ್ಮಣ್ಣನು ಅದಕ್ಕೆ ಮಾರ್ಪಾಡುಗಳನ್ನು ಮಾಡಿ, ಹಾಡುವವರ ಕಂಠಕ್ಕೂ ಕೇಳುವವರ ಸಹನೆಗೂ ಒಪ್ಪುವಂತೆ ಅಳವಡಿಸಿ ಆಡಿಸಿದನು. ಊರೂರಿಗೆ ಹಬ್ಬಿದ್ದು ಈ ಎರಡನೆಯ ತಮ್ಮಣ್ಣನ ಪಾರಿಜಾತ.

ಇಬ್ಬರು ತಮ್ಮಣ್ಣರ ಈ ಕಥೆಯಲ್ಲಿ ಒಂದು ವಿಶೇಷವಿದೆ. ಹೆಸರು ಒಂದೇ ಆಗಿದ್ದುದರಿಂದ ಮೊದಲಿನವನನ್ನು ಎರಡನೆಯವನು ನುಂಗಿಬಿಡುವುದಕ್ಕೆ ಎಲ್ಲ ಅನುಕೂಲವೂ ಇದ್ದಿತು. ಅಚ್ಚಿನ ಪುಸ್ತಕಗಳು ಅಪರೂಪವಾಗಿದ್ದ ಕಾಲ, ಎರಡು ಊರುಗಳ ನಡುವೆ ಹಲವು ದಿನಗಳ ಹಾದಿ, ಬೇರೆಬೇರೆಯ ಸರಕಾರ. ಹಾಗಿದ್ದರೂ ಕಲಾವಿದರ ಬಾಯಲ್ಲಿ ಒಬ್ಬನು ಅಪರಾಳದವನಾಗಿ, ಇನ್ನೊಬ್ಬನು ಕುಲಗೋಡದವನಾಗಿ ಬೇರೆಬೇರೆಯೇ ಉಳಿದರು. ಇಂಥ ಮೇಳದವರು ಯಾರ ಪಾರಿಜಾತ ಆಡುತ್ತಾರೆಂದು ಕೇಳಿದರೆ ಉತ್ತರ ಸಿಗುತ್ತಿದ್ದಿತು. ರಸಿಕರು ಕುಲಗೋಡದವನ ಆಟವನ್ನು ಮೆಚ್ಚಿದರೆಂದು ಅಪರಾಳದವನ ಹೆಸರು ಅಳಿಯಲಿಲ್ಲ. ಅಪರಾಳದವನು ಮೊದಲಿಗನೆಂದು ಕುಲಗೋಡದವನ ದುಡಿಮೆಯನ್ನು ಬರಿಯ ನಕಲೆಂದು ತಳ್ಳಿಹಾಕಲೂ ಇಲ್ಲ. ರಬಕವಿ-ಬನಹಟ್ಟಿಯ ಮಗ್ಗಗಳಲ್ಲಿ ಇಳಕಲ್ಲ ಮಾದರಿಯ ಸೀರೆಯನ್ನು ನೇಯುವಾಗ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಬೇರೆಯಾಗಿ ಸಿದ್ಧಪಡಿಸಿ, ಎಳೆಗೆ ಎಳೆಯನ್ನು ಕೊಂಡಿ ಹಾಕಿ ಸೇರಿಸುವ ಕ್ರಮವುಂಟಷ್ಟೆ. ಒಂದು ಎಳೆಯ ಕೊಂಡಿ ತಪ್ಪಿದರೂ ಸೆರಗು ಬಾಯಿಬಿಡುತ್ತದೆ, ಮತ್ತು ಕೊಂಡಿ ಎಲ್ಲಿದೆಯೆಂಬುದನ್ನು ಬಲ್ಲವರು ಸೀರೆಯನ್ನು ಮುಟ್ಟಿಯೇ ಹೇಳುತ್ತಾರೆ. ಕುಲಗೋಡ ತಮ್ಮಣ್ಣನ ಕೌಶಲವು ಆ ಬಗೆಯದು. ಯಕ್ಷಗಾನದ ಜಾಡಿನಲ್ಲಿ ಬೆಳೆದ ವಸ್ತುವಿಗೆ ಸಣ್ಣಾಟದ ಮೈಯನ್ನು ಹೊಂದಿಸಿದಾಗ ಕೂಡಿಸಿದ ಜಾಗವು ಅಡಗಲಿಲ್ಲ, ಬಿರಿಯಲೂ ಇಲ್ಲ.

ಆ ದಿನಗಳ ರಾಜಕೀಯ ನಕಾಶೆಯನ್ನು ಇಲ್ಲಿ ನೆನೆಯುವುದು ಉಚಿತ. ತೇರದಾಳ ಮತ್ತು ರಬಕವಿ ಸಾಂಗಲಿಯ ಪಟವರ್ಧನರಿಗೆ ಸೇರಿದ್ದವು, ರಬಕವಿಗೆ ಅಂಟಿಕೊಂಡಂತಿರುವ ಬನಹಟ್ಟಿ ಜಮಖಂಡಿಯ ಪಟವರ್ಧನರದು, ಮುಧೋಳ ಘೋರ್ಪಡೆಯವರದು, ಗೋಕಾಕ ಬ್ರಿಟಿಷರ ಬೆಳಗಾವಿ ಜಿಲ್ಲೆಯೊಳಗಿದ್ದಿತು. 1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿ, 1956ರಲ್ಲಿ ಎಲ್ಲವೂ ಮೈಸೂರು ರಾಜ್ಯಕ್ಕೆ ಸೇರುವವರೆಗೆ, ಪಾರಿಜಾತದ ಮೇಳವೊಂದು ಒಂದು ಸುಗ್ಗಿಯಲ್ಲಿ ಮೂರು ನಾಲ್ಕು ಸರಕಾರಗಳ ಗಡಿಯನ್ನು ದಾಟಿ ಆಡಿ ಬರುತ್ತಿದ್ದಿತು. ಇವೆಲ್ಲವನ್ನೂ ಒಂದು ಹಿಡಿತದಲ್ಲಿಟ್ಟುಕೊಂಡು ಇದು ಸರಿ, ಇದು ತಪ್ಪು ಎಂದು ವಿಧಿಸುವ ಯಾವ ಅಧಿಕಾರಿಯೂ ಇರಲಿಲ್ಲ. ಆದರೂ ಆಟವು ಬೇಕಾಬಿಟ್ಟಿಯಾಗಿ ಹರಿದುಹೋಗಲಿಲ್ಲವೇಕೆಂದರೆ, ಪರೀಕ್ಷಕರು ಊರೂರಲ್ಲಿ ಕುಳಿತಿದ್ದರು.

ಈ ಪರೀಕ್ಷಕರ ವರ್ಗವನ್ನು ಸ್ವಲ್ಪ ಪರಿಚಯ ಮಾಡಿಕೊಡಬೇಕು. ಪ್ರತಿ ಊರಿನಲ್ಲೂ ಹಾಡುಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡ ನಾಲ್ಕಾರು ಹಿರಿಯರು ರಂಗದ ಮುಂದಿನ ಸಾಲಿನಲ್ಲಿ ಕಂಬಳಿ ಹಾಸಿಕೊಂಡು ಕುಳಿತಿರುತ್ತಿದ್ದರು. ಅವರಲ್ಲಿ ಭಜನೆಯ ಮೇಳದವರು, ಹಿಂದೆ ತಾವೇ ವೇಷ ಕಟ್ಟಿದವರು, ಮಗ್ಗದ ಮೇಲೆ ಕುಳಿತು ದಿನವೆಲ್ಲ ಹಾಡಿಕೊಳ್ಳುವ ನೇಕಾರರು ಇರುತ್ತಿದ್ದರು. ಅವರು ನಿದ್ರೆ ಮಾಡದೆ ಪೂರ್ತಿ ಆಟವನ್ನು ನೋಡುತ್ತಿದ್ದರು. ಅರ್ಧಕ್ಕೆ ಎದ್ದುಹೋದವನ ಅಭಿಪ್ರಾಯಕ್ಕೆ ಬೆಲೆಯಿರಲಿಲ್ಲ. ಹೊಸ ಚಾಲಿಯಲ್ಲಿ ಹಾಡಿದ ಪದವು ಹಿಡಿಸಿದರೆ ‘ಇನ್ನೊಮ್ಮೆ ಆಗಲೆಪಾ’ ಎಂದು ಕೇಳುತ್ತಿದ್ದರು. ಹಿಡಿಸದಿದ್ದರೆ ಆಟದ ನಡುವೆ ಸುಮ್ಮನಿದ್ದು, ಮರುದಿನ ಮುಂಜಾನೆ ಚಹದ ಹೊತ್ತಿಗೆ ಮೇಳದ ಯಜಮಾನನನ್ನು ಕರೆದು, ‘ಹಾಡು ಛಲೋ ಬಂತ್ರಿ, ಆದ್ರ ರುಕ್ಮಿಣಿ ಮಾತಿನಾಗ ಒಂದೀಟು ಹಗುರ ಆತು, ಹಿಂದಿನವರು ಅಲ್ಲಿ ತಡೆದು ಆಡ್ತಿದ್ರು’ ಎಂಬ ಧಾಟಿಯಲ್ಲಿ ಹೇಳುತ್ತಿದ್ದರು. ಈ ಮಾತಿನಲ್ಲಿ ಮೂರು ಗುಣಗಳಿರುವುದನ್ನು ಗಮನಿಸಬೇಕು: ದೋಷವು ಎಲ್ಲಿಯದೆಂದು ಸ್ಥಳನಿರ್ದೇಶ ಮಾಡಲಾಗಿದೆ, ಪೂರ್ವದ ಕ್ರಮದೊಡನೆ ಹೋಲಿಸಲಾಗಿದೆ, ಮತ್ತು ತಿದ್ದಿಕೊಳ್ಳುವವನಿಗೆ ತಿದ್ದಿಕೊಳ್ಳಲು ಮುಖವುಳಿಸಲಾಗಿದೆ. ಯಜಮಾನನೂ ಇಂಥ ಮಾತನ್ನು ‘ಖರೆ ಅದರಿ’ ಎಂದು ಒಪ್ಪಬಹುದಾಗಿದ್ದಿತು, ಅಥವಾ ತಾನು ಹಾಗೆ ಮಾಡಿದ್ದಕ್ಕೆ ಕಾರಣ ಕೊಡಬಹುದಾಗಿದ್ದಿತು. ಕಾರಣ ಕೊಟ್ಟು ಗೆದ್ದ ಮಾರ್ಪಾಡುಗಳೇ ಮುಂದೆ ಪದ್ಧತಿಯಾದವು.

ಕೌಜಲಗಿಯ ನಿಂಗಮ್ಮನ ವಿಷಯವೇ ಇದಕ್ಕೆ ನಿದರ್ಶನ. ಗಂಡಸರೇ ಸೀರೆಯುಟ್ಟು ಸತ್ಯಭಾಮೆಯಾಗುತ್ತಿದ್ದ ರಂಗದ ಮೇಲೆ ಹೆಂಗಸೊಬ್ಬಳು ನಿಂತು ಸತ್ಯಭಾಮೆಯಾದದ್ದು ಪಾರಿಜಾತದ ಚರಿತ್ರೆಯಲ್ಲಿ ಆದ ಮಾರ್ಪಾಡುಗಳಲ್ಲೆಲ್ಲ ದೊಡ್ಡದು. ಯಾವ ಗ್ರಂಥದಲ್ಲಿಯೂ ಅಕ್ಷರ ಬದಲಾಗದೆ ಇಡೀ ಆಟ ಬದಲಾಯಿತು. ಸಂಪ್ರದಾಯಸ್ಥರ ಹುಬ್ಬು ಗಂಟಿಕ್ಕಿದ್ದರೆ ಆಶ್ಚರ್ಯವಿಲ್ಲ. ಆದರೆ ಅವಳ ಕಂಠವೂ ಅಭಿನಯವೂ ಮುನಿಸಿಗೆ ತಂದ ಜೀವವನ್ನು ಕಂಡ ಸೀಮೆಯ ಜನ ಪಾರಿಜಾತವೆಂದರೆ ನಿಂಗಮ್ಮನ ಹೆಸರನ್ನೇ ಹೇಳುವಂತಾದರು. ಗುಣದ ಪರೀಕ್ಷೆಯು ಹುಟ್ಟಿನ ಮತ್ತು ಲಿಂಗದ ಪೂರ್ವಗ್ರಹವನ್ನು ಕೆಲವು ವೇಳೆಯಾದರೂ ಸೋಲಿಸಬಲ್ಲುದು. ಯಾವಾಗಲೂ ಸೋಲಿಸಿತೆಂದು ಹೇಳಿದರೆ ನಮ್ಮ ರಂಗಭೂಮಿಯ ಹೆಂಗಸರು ಸಹಿಸಿದ ಕಷ್ಟಗಳಿಗೆ ಅನ್ಯಾಯವಾದೀತು.

ಪಾರಿಜಾತದ ರಚನೆಯೊಳಗೇ ಒಬ್ಬ ವಿಮರ್ಶಕನಿದ್ದಾನೆಂಬುದು ನನಗೆ ಬಹಳ ಮೆಚ್ಚಿಗೆಯಾದ ಸಂಗತಿ. ಅವನೇ ಭಾಗವತ. ಕರಾವಳಿಯ ಭಾಗವತನಂತೆ ಕುಳಿತು ಹಾಡುವುದಷ್ಟೇ ಅವನ ಕೆಲಸವಲ್ಲ. ಪಾತ್ರಗಳ ಮಗ್ಗುಲಲ್ಲಿ ನಿಂತು, ತಾವು ಯಾರು, ಎಲ್ಲಿಂದ ಬಂದಿರಿ, ಈಗ ಹಾಡಿದ ಪದದ ಅರ್ಥವೇನು, ಸಿಟ್ಟಿಗೆ ಕಾರಣವೇನು ಎಂದು ಕೇಳುತ್ತ, ತಿಳಿಯದವನಂತೆ ನಟಿಸುತ್ತ, ಆಡುಮಾತಿನ ಚಟಾಕಿಗಳಿಂದ ಪೌರಾಣಿಕ ಗಾಂಭೀರ್ಯವನ್ನು ಚುಚ್ಚುತ್ತ ಹೋಗುತ್ತಾನೆ. ದ್ವಾರಕೆಯ ರಾಣಿಯಾದರೂ ಈ ಹಳ್ಳಿಗನ ಪ್ರಶ್ನೆಗೆ ಉತ್ತರ ಹೇಳಿಯೇ ಮುಂದಿನ ಪದಕ್ಕೆ ಹೋಗಬೇಕು. ಪದವನ್ನು ಅರ್ಥ ತಿಳಿಯದೆ ಉರುಹೊಡೆದ ನಟಿಯ ಬಂಡವಾಳ ಅಲ್ಲಿಯೇ ಬಯಲಾಗುತ್ತದೆ. ಭಾಗವತನೂ ನಿಯಮಕ್ಕೆ ಹೊರಗಿನವನಲ್ಲ. ಪಾತ್ರದ ಮರ್ಯಾದೆ ಕಳೆಯುವಷ್ಟು ಎಳೆದನೋ, ಮುಂದಿನ ಸಾಲಿನ ಕಂಬಳಿಯವರು ಕೆಮ್ಮುತ್ತಾರೆ.

ಇದೇ ಸೀಮೆಯ ಗೀಗೀ ಪದಗಳಲ್ಲಿ ಪರೀಕ್ಷೆಯು ಬಹಿರಂಗ ಯುದ್ಧದ ರೂಪವನ್ನೇ ತಾಳಿತು. ಹರದೇಶಿ ಮತ್ತು ನಾಗೇಶಿ ಎಂಬ ಎರಡು ಪಕ್ಷಗಳು, ಒಂದು ಪುರುಷನ ಪರವಾಗಿ, ಒಂದು ಶಕ್ತಿಯ ಪರವಾಗಿ, ದಪ್ಪು-ತುಂತುಣಿಗಳೊಡನೆ ಇರುಳೆಲ್ಲ ವಾದಿಸುತ್ತವೆ. ಒಬ್ಬರ ಸರದಿಯಲ್ಲಿ ಇನ್ನೊಬ್ಬರು ಬಾಯಿ ಹಾಕುವಂತಿಲ್ಲ. ಪದದಲ್ಲಿ ಬಂದ ಸವಾಲಿಗೆ ಪದದಲ್ಲಿಯೇ ಜವಾಬು ಕೊಡಬೇಕು. ಲಾವಣಿಯ ಕೊನೆಯಲ್ಲಿ ಅಂಕಿತವಿರುತ್ತದೆ: ಊರಿನ ಹೆಸರು, ಗುರುವಿನ ಹೆಸರು, ಕಟ್ಟಿದವನ ಹೆಸರು. ಮತ್ತೊಬ್ಬನು ಕಟ್ಟಿದ ಲಾವಣಿಯನ್ನು ಯಾರು ಬೇಕಾದರೂ ಹಾಡಬಹುದು, ಅದಕ್ಕೆ ಅಪ್ಪಣೆ ಬೇಡ, ಹಣ ಬೇಡ. ಅಂಕಿತವನ್ನು ಕಿತ್ತು ತನ್ನ ಹೆಸರನ್ನು ಇಟ್ಟುಕೊಂಡರೆ ಮಾತ್ರ ಎದುರು ಪಕ್ಷದವರು ಅದನ್ನು ಮುಂದಿನ ಪದದಲ್ಲಿಯೇ ಜನದ ಮುಂದಿಡುತ್ತಾರೆ. 1930ರ ದಶಕದಲ್ಲಿ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಮತ್ತು ‘ಜೀವನ ಸಂಗೀತ’ಗಳನ್ನು ಅಚ್ಚು ಹಾಕಿಸಿದಾಗ ಈ ಪರಂಪರೆ ಬಾಯಿಂದ ಕಾಗದಕ್ಕೆ ದಾಟಿತು. ಗರತಿಯರ ತ್ರಿಪದಿಗಳಿಗೆ ಅಂಕಿತವಿಲ್ಲ, ಅವು ಬೀಸುವ ಕಲ್ಲಿನ ಮುಂದೆ ಕುಳಿತ ಎಲ್ಲರವು, ಲಾವಣಿಗಳಿಗೆ ಅಂಕಿತವಿದೆ. ಎಲ್ಲರದು ಯಾವುದು, ಒಬ್ಬನದು ಯಾವುದು ಎಂಬ ಈ ವಿವೇಕವು ಹಾಡುವವರಿಗೆ ಸಹಜವಾಗಿಯೇ ಇದ್ದಿತು.

ವಿಡಿಯೊ ಗೇಮಿನ ಜಗತ್ತು ಈ ವಿವೇಕಕ್ಕೆ ಜಗಳವಾಡಿಯೇ ಬರಬೇಕಾಯಿತು. 2015ರ ಏಪ್ರಿಲ್ ತಿಂಗಳಿನಲ್ಲಿ ‘ಸ್ಕೈರಿಮ್’ ಎಂಬ ಆಟದ ಮಾಡುಗಳನ್ನು ಹಣಕ್ಕೆ ಮಾರುವ ವ್ಯವಸ್ಥೆಯನ್ನು ಅದರ ಸಂಸ್ಥೆಗಳು ತೆರೆದೊಡನೆ, ಮಾರಾಟಕ್ಕೆ ಬಂದ ಮಾಡೊಂದು ಮತ್ತೊಬ್ಬನು ಉಚಿತವಾಗಿ ಹಂಚಿದ್ದ ಕೆಲಸವನ್ನು ಒಳಗೊಂಡಿದೆಯೆಂಬ ತಕರಾರು ಎದ್ದಿತು. ಆಟಗಾರರ ಕೋಪ ಎಷ್ಟು ಏರಿತೆಂದರೆ ಕೆಲವೇ ದಿನಗಳಲ್ಲಿ ವ್ಯವಸ್ಥೆಯನ್ನೇ ಹಿಂತೆಗೆದು ಹಣವನ್ನು ಮರಳಿಸಬೇಕಾಯಿತು. ಆ ಕೋಪದಲ್ಲಿ ನ್ಯಾಯವೂ ಇದ್ದಿತು, ನಿಂದೆಯೂ ಇದ್ದಿತು. ಎರಡನ್ನೂ ಬೇರ್ಪಡಿಸಿ ಹೇಳುವ ಕಂಬಳಿಯ ಸಾಲು ಅಲ್ಲಿ ಇರಲಿಲ್ಲವೆಂದು ತೋರುತ್ತದೆ. ಒಳ್ಳೆಯ ಮಾಡುಗಾರರು ಮಾತ್ರ ತಾವು ಯಾರ ಕೆಲಸದ ಮೇಲೆ ಕಟ್ಟಿದೆವೆಂಬುದನ್ನೂ, ಯಾವ ಆವೃತ್ತಿಯಲ್ಲಿ ಏನನ್ನು ಬದಲಿಸಿದೆವೆಂಬುದನ್ನೂ ಕ್ರಮವಾಗಿ ಬರೆದಿಡುತ್ತಾರೆ. ಆ ಪಟ್ಟಿಗಳನ್ನು ನೋಡಿದಾಗ ನನಗೆ ವೀರಬಣಂಜು ವರ್ತಕರು ನೆನಪಾದದ್ದುಂಟು. ಬಸ್ಸಿಗೆ ಬಣ್ಣ ಬಳಿಯುವ ನಮ್ಮ ಹುಡುಗರಿಗೂ ಒಂದು ಮಾತು: ಮಾದರಿ ಬಸ್ಸನ್ನು ಕಡೆದವನ ಹೆಸರನ್ನು ಅಳಿಸಬೇಡಿ, ಬೋರ್ಡಿನಲ್ಲಿ ಒತ್ತಕ್ಷರ ಕಿತ್ತುಹೋಗಿ ಊರಿನ ಹೆಸರು ಓದಲು ಬಾರದಂತಿದ್ದರೆ, ಅದನ್ನು ತೋರಿಸಿಕೊಟ್ಟವನ ಮೇಲೆ ಸಿಟ್ಟಾಗಬೇಡಿ. ಬಿಟ್ಟಿ ಕೊಟ್ಟದ್ದೆಂಬ ಕಾರಣಕ್ಕೆ ದೋಷವು ಗುಣವಾಗದು. ಪಾರಿಜಾತವನ್ನೂ ಹಲವು ಊರುಗಳಲ್ಲಿ ಬಿಟ್ಟಿಯೇ ಆಡಿದರು.

ನಮ್ಮ ಪದ್ಧತಿಯೆಲ್ಲವೂ ನಿರ್ದುಷ್ಟವಾಗಿದ್ದಿತೆಂಬ ಭ್ರಮೆ ಬೇಡ. ಆಹೇರಿಯನ್ನೇ ನೋಡಿ. ಮೆಚ್ಚಿದ ಪಾತ್ರಧಾರಿಗೆ ನೋಟನ್ನೋ ಬಟ್ಟೆಯನ್ನೋ ಕೊಟ್ಟು, ಕೊಟ್ಟವನ ಹೆಸರನ್ನು ರಂಗದ ಮೇಲಿಂದ ಕೂಗಿಸುವ ಈ ರೂಢಿಯು ಕಲಾವಿದನ ಹೊಟ್ಟೆಗೆ ಆಸರೆಯಾದದ್ದು ನಿಜ. ಆದರೆ ಸತ್ಯಭಾಮೆಯ ಕಣ್ಣಲ್ಲಿ ನೀರು ತುಂಬಿದ ಕ್ಷಣದಲ್ಲಿ ಹಾರ್ಮೋನಿಯಂ ನಿಂತು, ಇಂಥವರ ಅಳಿಯಂದಿರು ಇಷ್ಟು ರೂಪಾಯಿ ಆಹೇರಿ ಮಾಡಿದ್ದಾರೆಂಬ ಘೋಷಣೆ ಮೊಳಗುವಾಗ ರಸವೆಲ್ಲಿ ಉಳಿದೀತು? ನೆಂಟರ ಆಹೇರಿ ಹೆಚ್ಚಾದ ಹುಡುಗನು ಎರಡೇ ವರ್ಷದಲ್ಲಿ ತಾನು ಕಲಿಯುವುದು ಮುಗಿಯಿತೆಂದು ತಿಳಿಯುವುದೂ, ಆಹೇರಿ ಬಾರದ ಹಿರಿಯ ಕಲಾವಿದನು ಮೂಲೆಗೆ ಸರಿಯುವುದೂ ಹಳ್ಳಿಯ ರಂಗಭೂಮಿಯನ್ನು ಬಲ್ಲವರಿಗೆ ಹೊಸದಲ್ಲ. ಅತಿಯಾದ ಹೊಗಳಿಕೆಯು ಮಾಡುವ ಹಾನಿಯನ್ನು ನಿಂದೆಯು ಮಾಡಲಾರದೆಂದು ನನಗೆ ಅನೇಕ ವೇಳೆ ಅನಿಸಿದೆ.

ಈಚೆಗೆ ಪಾರಿಜಾತಕ್ಕೆ ಇನ್ನೊಂದು ಬಗೆಯ ಮಾರ್ಪಾಡು ಬಂದಿದೆ, ಅದು ಕತ್ತರಿಯದು. 1950ರಲ್ಲಿ ಧಾರವಾಡದ ಆಕಾಶವಾಣಿ ತೆರೆದ ಕಾಲದಿಂದ ಹಿಡಿದು ಇಂದಿನ ಉತ್ಸವದ ವೇದಿಕೆಗಳವರೆಗೆ, ಇರುಳಿಡೀ ನಡೆಯುವ ಆಟವನ್ನು ಒಂದು ಗಂಟೆಗೋ ಅರ್ಧ ಗಂಟೆಗೋ ಇಳಿಸಿಕೊಡಬೇಕೆಂಬ ಬೇಡಿಕೆ ಬೆಳೆಯುತ್ತ ಬಂದಿದೆ. ಬೇಡಿಕೆಯಲ್ಲಿ ತಪ್ಪೇನೂ ಇಲ್ಲ. ಕುಲಗೋಡದ ತಮ್ಮಣ್ಣನೂ ಕತ್ತರಿಸಿಯೇ ಇದ್ದಾನು. ಆದರೆ ಏನನ್ನು ಕತ್ತರಿಸಬೇಕೆಂಬುದನ್ನು ಗಡಿಯಾರ ನಿರ್ಣಯಿಸಿದಾಗ ಪ್ರಸಿದ್ಧ ಪದಗಳು ಉಳಿದುಕೊಳ್ಳುತ್ತವೆ, ಪದಗಳ ನಡುವಿನ ಮಾತು ಹೋಗುತ್ತದೆ. ಮಾತಿನಲ್ಲಿ ಮೊದಲು ಹೋಗುವುದು ಭಾಗವತನ ಪ್ರಶ್ನೆಗಳು. ವೇದಿಕೆಯ ಮೇಲೆ ಅವನು ಈಗಲೂ ತಾಳ ಹಿಡಿದು ನಿಂತಿರುತ್ತಾನೆ. ಸತ್ಯಭಾಮೆ ಬರುತ್ತಾಳೆ, ಮುನಿಯುತ್ತಾಳೆ, ಹಾಡುತ್ತಾಳೆ. ಯಾಕೆ ಸಿಟ್ಟಾದಿರಿ ತಾಯಿ ಎಂದು ಕೇಳುವುದಕ್ಕೆ ಅವನಿಗೆ ಸಮಯವಿಲ್ಲ.